ಅಟ್ಟದ ಸ್ವೆಟರಿಗೆ ಕತ್ತರಿ ಹಾಕುವ ಮುನ್ನ

ಹಳೆಯ ಉಣ್ಣೆ ಬಟ್ಟೆಯಿಂದ ಹುತ್ತರಿಗೋ ಕ್ರಿಸ್ಮಸ್ಸಿಗೋ ಕೊಡುವಂಥ ಉಡುಗೊರೆಗಳನ್ನು ಮನೆಯಲ್ಲೇ ಮಾಡುವುದು ಹೇಗೆಂದು ಕೊಡಗಿನ ಓದುಗರು ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಮಳೆಗಾಲದಲ್ಲಿ ಬಂದ ಪತ್ರಗಳಿಗೂ ಈಗಲೇ ಉತ್ತರ ಕೊಡಲು ಕಾರಣವಿದೆ. ಈ ಕೆಲಸದಲ್ಲಿ ಅರ್ಧ ಪಾಲು ಒಣಗಿಸುವುದೇ. ಕಕ್ಕಡ ಮಾಸದ ಮಳೆಯಲ್ಲಿ ಕರವಸ್ತ್ರವೇ ಒಣಗದು, ಇನ್ನು ದಪ್ಪ ಉಣ್ಣೆ ಎಲ್ಲಿ ಒಣಗೀತು? ತುಲಾ ಸಂಕ್ರಮಣ ಕಳೆದು ಅಂಗಳಕ್ಕೆ ಬಿಸಿಲು ಬಂದ ಮೇಲೆ ಶುರುಮಾಡಿ.

ಮನೆಯಲ್ಲಿ ಹತ್ತು ಹನ್ನೆರಡು ಹಳೆ ಸ್ವೆಟರುಗಳಿವೆ. ಯಾವುದರಲ್ಲೂ ಚೀಟಿ ಉಳಿದಿಲ್ಲ. ಅಸಲಿ ಉಣ್ಣೆ ಯಾವುದೆಂದು ತಿಳಿಯುವುದು ಹೇಗೆ?
– ಓದುಗರು, ಮಡಿಕೇರಿ

ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಇದೊಂದು ತಪ್ಪಿದರೆ ಮುಂದಿನದೆಲ್ಲ ದಂಡ.

ಒಳಗಿನ ಹೊಲಿಗೆಯಂಚಿನಿಂದ ಮೂರು ನಾಲ್ಕು ಸೆಂಟಿಮೀಟರ್ ನೂಲು ಕತ್ತರಿಸಿಕೊಳ್ಳಿ. ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು, ಕಡ್ಡಿ ಗೀರಿ ತುದಿಗೆ ತಾಗಿಸಿ. ಉಣ್ಣೆಯಾದರೆ ಚಟಪಟ ಎಂದು ಮುದುಡುತ್ತ ಉರಿದು, ಕಡ್ಡಿ ದೂರ ಸರಿಸಿದೊಡನೆ ತಾನಾಗಿ ಆರುತ್ತದೆ. ಕೂದಲು ಸುಟ್ಟ ವಾಸನೆ ಬರುತ್ತದೆ. ಉಳಿದ ಕರಿ ಬೂದಿಯನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ತೊಟ್ಟಿಕ್ಕುತ್ತ ಹೊಗೆಯಾಡಿ ಉರಿಯುತ್ತದೆ. ಆರಿದ ಮೇಲೆ ತುದಿಯಲ್ಲಿ ಗಟ್ಟಿ ಕರಿಮಣಿ ನಿಲ್ಲುತ್ತದೆ, ಅದು ಬೆರಳಿಗೆ ಪುಡಿಯಾಗದು. ಹತ್ತಿಯದು ಕಾಗದ ಸುಟ್ಟ ವಾಸನೆ.

ಎರಡೂ ಬೆರೆತ ನೂಲಿನಲ್ಲಿ ಕೂದಲಿನ ವಾಸನೆಯೂ ಬರುತ್ತದೆ, ಮಣಿಯೂ ನಿಲ್ಲುತ್ತದೆ. ಎಷ್ಟು ಪಾಲು ಎಂದು ತಿಳಿಯಲು, ಬಿಳಿ ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚನ್ನು ನೀರು ಬೆರೆಸದೆ ಗಾಜಿನ ಲೋಟಕ್ಕೆ ಎರಡು ಬೆರಳಷ್ಟು ಹಾಕಿ ನೂಲನ್ನು ಮುಳುಗಿಸಿಡಿ. ಬೆಳಗಾಗುವಷ್ಟರಲ್ಲಿ ಉಣ್ಣೆ ಪೂರ್ತಿ ಕರಗಿರುತ್ತದೆ, ಅಕ್ರಿಲಿಕ್ಕೂ ಪಾಲಿಯೆಸ್ಟರೂ ಹಾಗೇ ಉಳಿದಿರುತ್ತವೆ. ಆ ಲೋಟಕ್ಕೆ ವಿನಿಗರ್ ಆಗಲಿ, ಶೌಚಾಲಯ ತೊಳೆಯುವ ಆಸಿಡ್ ಆಗಲಿ ಬೀಳಬಾರದು, ವಿಷಗಾಳಿ ಏಳುತ್ತದೆ.

ಚೀಟಿ ಇರುವ ಬಟ್ಟೆ ಸಿಕ್ಕರೆ ನೂಲಿನ ಉಂಡೆಯಂತೆ ಸುತ್ತಿದ ವೂಲ್‌ಮಾರ್ಕ್ ಗುರುತು ನೋಡಿ. 1964ರಿಂದ ಬಂದಿರುವ ಆ ಗುರುತು ಒಂಟಿಯಾಗಿದ್ದರೆ ಪೂರ್ತಿ ಹೊಸ ಉಣ್ಣೆ. ‘ವೂಲ್‌ಮಾರ್ಕ್ ಬ್ಲೆಂಡ್’ ಎಂದಿದ್ದರೆ ಕನಿಷ್ಠ ಅರ್ಧ ಉಣ್ಣೆ. ಬರೀ ‘ವುಲ್ ಬ್ಲೆಂಡ್’ ಗುರುತಾದರೆ ನೂರಕ್ಕೆ ಮೂವತ್ತರಿಂದ ಐವತ್ತರೊಳಗೆ. ನಾವು ಮುಂದೆ ಹೇಳುವ ಫೆಲ್ಟ್ ಕೆಲಸಕ್ಕೆ ನೂರಕ್ಕೆ ಎಂಬತ್ತಾದರೂ ಉಣ್ಣೆ ಇರಬೇಕು.

ಫೆಲ್ಟ್ ಮಾಡುವುದು ಎಂದರೇನು? ನಮ್ಮಲ್ಲಿರುವುದು ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷೀನ್. ಅದರಲ್ಲಿ ಆಗುತ್ತದೆಯೇ? ಮಷೀನೇ ಇಲ್ಲದವರು ಏನು ಮಾಡಬೇಕು?
– ಓದುಗರು, ಸೋಮವಾರಪೇಟೆ

ಆಗುತ್ತದೆ. ಸೆಮಿ ಆಟೊಮ್ಯಾಟಿಕ್ಕೇ ಈ ಕೆಲಸಕ್ಕೆ ವಾಸಿ, ಬೇಕೆಂದಾಗ ಮುಚ್ಚಳ ತೆಗೆದು ನೋಡಬಹುದಲ್ಲ.

ಕುರಿಯ ಕೂದಲಿನ ಮೇಲೆ ಮೀನಿನ ಹುರುಪೆಯಂಥ ಪದರಗಳಿರುತ್ತವೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದಾಗ ಕೂದಲುಗಳು ಒಂದೇ ದಿಕ್ಕಿಗೆ ಸರಿಯುತ್ತವೆ, ಹುರುಪೆ ಅಡ್ಡ ಬರುವುದರಿಂದ ಹಿಂದಕ್ಕೆ ಬರಲಾರವು. ಹೀಗೆ ಸರಿಸರಿದು ಜಡೆಗಟ್ಟುತ್ತವೆ. ಸ್ವೆಟರ್ ಕುಗ್ಗಿ, ದಪ್ಪನಾಗಿ, ಕತ್ತರಿಸಿದರೂ ಅಂಚು ಬಿಚ್ಚಿಕೊಳ್ಳದ ಬಟ್ಟೆಯಾಗುತ್ತದೆ. ಒಗೆಯುವಾಗ ಅಕಸ್ಮಾತ್ ಆಗಿ ‘ಸ್ವೆಟರ್ ಹಾಳಾಯಿತು’ ಎನ್ನುತ್ತೇವಲ್ಲ, ಅದನ್ನೇ ಬೇಕೆಂದು ಮಾಡುವುದು.

ಮೊದಲು ಬಿಡಿಸುವ ಕೆಲಸ. ಗುಂಡಿ, ಜಿಪ್ಪು, ಚೀಟಿ ತೆಗೆಯಿರಿ. ತೋಳುಗಳನ್ನು ಹೊಲಿಗೆಯ ಪಕ್ಕದಲ್ಲೇ ಕತ್ತರಿಸಿ. ಪಕ್ಕೆಯ ಹೊಲಿಗೆಯನ್ನೂ ಬಿಚ್ಚಿ ಮುಂಭಾಗ, ಹಿಂಭಾಗ ಬೇರೆ ಮಾಡಿ. ಹೊಲಿಗೆ ಇದ್ದಂತೆಯೇ ಹಾಕಿದರೆ ಅಲ್ಲಿ ಗೆರೆ ಬಿದ್ದು ಎಷ್ಟು ಇಸ್ತ್ರಿ ಮಾಡಿದರೂ ಹೋಗದು. ಸೊಂಟದ ಮತ್ತು ಕುತ್ತಿಗೆಯ ಪಟ್ಟಿಯನ್ನೂ ತೆಗೆದಿಡಿ, ಅದು ಬೇರೆ ಅಳತೆಯಲ್ಲಿ ಕುಗ್ಗಿ ಅಂಚೆಲ್ಲ ಅಲೆಯಲೆಯಾಗುತ್ತದೆ. ಬಿಗಿ ಪಟ್ಟಿ ಬೇಕಾಗುವ ವಸ್ತುಗಳೂ ಇವೆ, ಮುಂದೆ ಹೇಳುತ್ತೇವೆ. ಈಗ ಬೇರೆ ಬಣ್ಣದ ಹತ್ತಿ ದಾರದಲ್ಲಿ ಬಟ್ಟೆಯ ಮೇಲೆ ಸರಿಯಾಗಿ ಹತ್ತು ಸೆಂಟಿಮೀಟರ್ ಉದ್ದಗಲದ ಚೌಕವನ್ನು ಸಡಿಲವಾಗಿ ಹೊಲಿಯಿರಿ. ಕುಗ್ಗಿದ್ದೆಷ್ಟು ಎಂದು ಹೇಳುವ ಅಳತೆಗೋಲು ಅದು.

ತುಂಡುಗಳನ್ನು ಹಳೆ ದಿಂಬಿನ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಇಲ್ಲದಿದ್ದರೆ ಉದುರಿದ ಉಣ್ಣೆ ನೀರು ಹೋಗುವ ಕೊಳವೆಯಲ್ಲಿ ಸಿಕ್ಕಿಕೊಂಡು ಮೆಕ್ಯಾನಿಕ್ಕನ್ನು ಕರೆಸಬೇಕಾದೀತು. ಒಂದು ಸಲಕ್ಕೆ ಎರಡು ಸ್ವೆಟರ್ ಸಾಕು. ಉಜ್ಜಾಟಕ್ಕೆ ಜೊತೆಯಲ್ಲಿ ಒಂದು ಹಳೆ ಜೀನ್ಸ್ ಪ್ಯಾಂಟ್ ಹಾಕಿ. ಟರ್ಕಿ ಟವೆಲ್ ಬೇಡ, ಅದರ ನಾರು ಉಣ್ಣೆಗೆ ಮೆತ್ತಿಕೊಂಡರೆ ಬಿಡಿಸಲಾಗದು. ನೀರು 55ರಿಂದ 60 ಡಿಗ್ರಿ, ಅಂದರೆ ಕೈ ಅದ್ದಿ ಹಿಡಿಯಲಾಗದಷ್ಟು ಬಿಸಿ. ಕುದಿನೀರು ಸುರಿಯಬೇಡಿ, ಪ್ಲಾಸ್ಟಿಕ್ ತೊಟ್ಟಿ ತಡೆಯುವ ಮಿತಿ ಮಷೀನಿನ ಪುಸ್ತಕದಲ್ಲಿರುತ್ತದೆ. ಸೋಪಿನ ಪುಡಿ ಒಂದು ದೊಡ್ಡ ಚಮಚ ಸಾಕು. ಮಳೆನೀರು, ಒರತೆ ನೀರು ಬಳಸುವ ಮನೆಗಳಲ್ಲಿ ನೊರೆ ಬೇಗ ಏಳುತ್ತದೆ. ನೊರೆ ಹೆಚ್ಚಾದರೆ ಬಟ್ಟೆ ಅದರ ಮೇಲೆ ಜಾರಾಡುತ್ತದೆ ಹೊರತು ಉಜ್ಜಿಕೊಳ್ಳುವುದಿಲ್ಲ.

ಹದಿನೈದು ನಿಮಿಷ ತಿರುಗಿಸಿ, ತೆಗೆದು ಚೌಕ ಅಳೆಯಿರಿ. ಹತ್ತಿದ್ದದ್ದು ಏಳಕ್ಕೆ ಬಂದರೆ ಹದವಾಯಿತು. ಹೆಣಿಗೆಯ ಕುಣಿಕೆಗಳು ಕಣ್ಣಿಗೆ ಕಾಣಬಾರದು. ಮೂಲೆಯಲ್ಲೊಂದು ಚೂರು ಕತ್ತರಿಸಿ ಎಳೆದರೆ ನೂಲು ಬಿಚ್ಚಬಾರದು. ಬಿಚ್ಚಿದರೆ ಹೊಸ ಬಿಸಿನೀರಿನಲ್ಲಿ ಇನ್ನೊಂದು ಸುತ್ತು, ಬೇಕಾದರೆ ಮೂರನೆಯದೂ. ಪೂರ್ತಿ ಆಟೊಮ್ಯಾಟಿಕ್ ಫ್ರಂಟ್ ಲೋಡ್ ಇರುವವರು 60 ಡಿಗ್ರಿಯ ಕಾಟನ್ ಸುತ್ತಿಗೆ ಹಾಕಿ. ನಡುವೆ ಬಾಗಿಲು ತೆಗೆಯಲಾಗದ್ದರಿಂದ ಮೊದಲ ಸಲ ಚಿಕ್ಕ ಸುತ್ತನ್ನೇ ಆರಿಸಿಕೊಳ್ಳಿ.

ಮಷೀನಿಲ್ಲದವರು ಬಕೆಟ್ಟಿನ ಬಿಸಿನೀರಲ್ಲಿ ನೆನೆಸಿ, ಬಾರ್ ಸೋಪು ಸವರಿ, ಒಗೆಯುವ ಕಲ್ಲಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ಉಜ್ಜಬೇಕು. ಒಂದೇ ದಿಕ್ಕಿಗೆ ಉಜ್ಜಿದರೆ ಒಂದೇ ಕಡೆಗೆ ಕುಗ್ಗುತ್ತದೆ. ನಡುನಡುವೆ ತಣ್ಣೀರಲ್ಲಿ ಅದ್ದಿ ಮತ್ತೆ ಬಿಸಿಗೆ ಹಾಕುತ್ತಿರಿ. ಒಂದು ಸ್ವೆಟರಿಗೆ ಮುಕ್ಕಾಲು ಗಂಟೆಯ ದುಡಿಮೆ. ಕೈಗೆ ರಬ್ಬರ್ ಗವಸು ಇರಲಿ.

ಕೊನೆಗೆ ಸೋಪು ಪೂರ್ತಿ ಹೋಗುವಂತೆ ಜಾಲಿಸಿ, ಒಂದು ನಿಮಿಷ ಮಾತ್ರ ಸ್ಪಿನ್ ಮಾಡಿ. ಹೆಚ್ಚು ತಿರುಗಿಸಿದರೆ ಮಡಿಕೆ ಅಚ್ಚೊತ್ತಿದಂತೆ ಕೂರುತ್ತದೆ. ಒದ್ದೆ ಇರುವಾಗಲೇ ಎಳೆದು ಚೌಕ ಮಾಡಿ, ಟವೆಲ್ ಹಾಸಿದ ಮೇಜಿನ ಮೇಲೆ ನೆರಳಲ್ಲಿ ಹರಡಿ. ಹಗ್ಗಕ್ಕೆ ನೇತುಹಾಕಬೇಡಿ. ಡಿಸೆಂಬರ್ ಬಿಸಿಲಿನ ದಿನಗಳಲ್ಲಿ ಎರಡು ದಿನ ಸಾಕು. ಉಣ್ಣೆಯ ಸ್ವಭಾವ ಎಂಥದೆಂದರೆ, ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡೂ ಕೈಗೆ ಒಣಗಿದಂತೆಯೇ ಇರುತ್ತದೆ. ಹಾಗಾಗಿ ಒಣಗಿತು ಅನ್ನಿಸಿದ ಮೇಲೆ ಇನ್ನೂ ಒಂದು ದಿನ ಬಿಡಿ.

ಎರಡು ಸಲ ಬಿಸಿನೀರಲ್ಲಿ ಹಾಕಿದರೂ ಸ್ವೆಟರ್ ಕುಗ್ಗಲೇ ಇಲ್ಲ. ಸುಟ್ಟು ನೋಡಿದರೆ ಉಣ್ಣೆಯೇ.
– ಓದುಗರು, ಶನಿವಾರಸಂತೆ

‘ಮಷೀನ್ ವಾಷಬಲ್’ ಅಥವಾ ‘ಸೂಪರ್‌ವಾಷ್’ ಉಣ್ಣೆಯಾಗಿರಬೇಕು. ಆ ನೂಲಿನ ಹುರುಪೆಗಳನ್ನು ಕಾರ್ಖಾನೆಯಲ್ಲೇ ಕ್ಲೋರಿನ್‌ನಿಂದ ಸವೆಸಿ ಮೇಲೆ ರಾಳದ ತೆಳುಪೊರೆ ಕೊಟ್ಟಿರುತ್ತಾರೆ. ಹತ್ತು ಸಲ ಕುದಿಸಿದರೂ ಜಡೆಗಟ್ಟದು. ಅದನ್ನು ಬಿಚ್ಚಿ ನೂಲು ಮಾಡಿಕೊಳ್ಳಿ. ಮಗುವಿನ ಟೋಪಿಗೆ ಇದಕ್ಕಿಂತ ಒಳ್ಳೆ ನೂಲಿಲ್ಲ, ತಾಯಿ ನಿಶ್ಚಿಂತೆಯಿಂದ ಒಗೆಯಬಹುದು. ಸೂಟು, ಪ್ಯಾಂಟಿನ ನುಣುಪು ಉಣ್ಣೆಬಟ್ಟೆಯೂ ಹೀಗೇ ಮೊಂಡು, ಅದರಲ್ಲಿ ನೂಲನ್ನು ಬಿಗಿಯಾಗಿ ಹೊಸೆದು ಒತ್ತಾಗಿ ನೇಯ್ದಿರುವುದರಿಂದ ಕೂದಲಿಗೆ ಸರಿದಾಡಲು ಜಾಗವೇ ಇರುವುದಿಲ್ಲ.

ತಂದೆಯವರ ಸೇನೆಯ ಹಸಿರು ಜರ್ಸಿ ಇದೆ. ಮೂವರು ಮಕ್ಕಳಿಗೂ ಅದರಿಂದ ಒಂದೊಂದು ನೆನಪಿನ ವಸ್ತು ಮಾಡಿಸಬೇಕೆಂದಿದ್ದೇವೆ.
– ಓದುಗರು, ವಿರಾಜಪೇಟೆ

ಕೊಡಗಿನಲ್ಲಿ ಇಂಥ ಜರ್ಸಿ ಇಲ್ಲದ ಮನೆ ಹುಡುಕಬೇಕು. ದಪ್ಪ ಪಟ್ಟಿ ಹೆಣಿಗೆಯ ಹಳೆ ಜರ್ಸಿಗಳಲ್ಲಿ ಉಣ್ಣೆಯ ಪಾಲು ಹೆಚ್ಚು, ಆದರೂ ಸುಟ್ಟು ನೋಡದೆ ಮುಂದುವರಿಯಬೇಡಿ. ಹೆಗಲು ಮತ್ತು ಮೊಣಕೈಯ ಬಟ್ಟೆ ತೇಪೆಗಳನ್ನು ಬಿಚ್ಚಿ ಬೇರೆ ಇಡಿ. ಅವು ಹತ್ತಿಯವು, ಕುಗ್ಗುವುದಿಲ್ಲ. ಸುತ್ತಲಿನ ಉಣ್ಣೆ ಕುಗ್ಗಿದಾಗ ನಡುವೆ ಉಬ್ಬು ಕಟ್ಟಿದಂತಾಗುತ್ತದೆ. ಪದವಿಯ ಪಟ್ಟಿ, ಬ್ಯಾಡ್ಜುಗಳನ್ನು ಬಳಸುವ ವಸ್ತುವಿಗೆ ಹೊಲಿಯದೆ ಫ್ರೇಮು ಹಾಕಿಸಿ.

ದೊಡ್ಡವರ ಒಂದು ಜರ್ಸಿಯ ಮುಂಭಾಗ, ಹಿಂಭಾಗಗಳು ಕುಗ್ಗಿದ ಮೇಲೆ ಸುಮಾರು 35 ಸೆಂಟಿಮೀಟರ್ ಅಗಲಕ್ಕೆ ನಿಲ್ಲುತ್ತವೆ. ಮುಂಭಾಗದಿಂದ ಒಂದು ದಿಂಬಿನ ಹೊದಿಕೆಯ ಮುಖ, ಹಿಂಭಾಗದಿಂದ ಒಂದು ಬಿಸಿನೀರಿನ ಚೀಲದ ಹೊದಿಕೆಯ ಮುಖ, ಎರಡು ತೋಳುಗಳಿಂದ ಒಂದು ಜೊತೆ ಮಣಿಕಟ್ಟಿನ ಗವಸು. ಮೂವರಿಗೂ ಆಯಿತು. ಬಿಚ್ಚಿದ ಮೊಣಕೈ ತೇಪೆಯನ್ನು ದಿಂಬಿನ ಮೂಲೆಯಲ್ಲಿ ಜೇಬಿನಂತೆ ಹೊಲಿದರೆ ಜರ್ಸಿಯ ಗುರುತು ಉಳಿಯುತ್ತದೆ. ಕತ್ತರಿ ಹಾಕುವ ಮುನ್ನ ಮೂವರನ್ನೂ ಒಂದು ಮಾತು ಕೇಳಿ. ಕತ್ತರಿಸಿದ ಮೇಲೆ ‘ಹಾಗೇ ಇರಬೇಕಿತ್ತು’ ಎಂದರೆ ಕೂಡಿಸಲಾಗದು.

ಬಿಸಿನೀರಿನ ರಬ್ಬರ್ ಚೀಲಕ್ಕೆ ಹೊದಿಕೆ ಹೊಲಿಯುವ ಅಳತೆ ಬೇಕು. ಒಮ್ಮೆ ಹೊಲಿದೆ, ಚೀಲ ಒಳಗೇ ಹೋಗಲಿಲ್ಲ.
– ಓದುಗರು, ನಾಪೋಕ್ಲು

ನೀವು ಕತ್ತನ್ನು ಚೀಲದ ಕತ್ತಿನಷ್ಟೇ ಕತ್ತರಿಸಿರಬೇಕು. ಬಹಳ ಮಂದಿ ಎಡವುವುದು ಅಲ್ಲೇ. ಕತ್ತಿನ ಮೇಲೆ ನೀರು ಸುರಿಯುವ ಅಗಲ ಬಾಯಿ ಇದೆಯಲ್ಲ, ಹೊದಿಕೆಯ ಕತ್ತು ಆ ಬಾಯಿ ದಾಟುವಷ್ಟು ಅಗಲವಿರಬೇಕು. ಆಮೇಲೆ ದಾರ ಕಟ್ಟಿ ಬಿಗಿಮಾಡಿಕೊಳ್ಳಬಹುದು.

ಖಾಲಿ ಚೀಲವನ್ನು ಪತ್ರಿಕೆಯ ಮೇಲೆ ಮಲಗಿಸಿ ಬಾಯಿಯವರೆಗೂ ಗೆರೆ ಎಳೆಯಿರಿ. ಸುತ್ತಲೂ ಎರಡು ಸೆಂಟಿಮೀಟರ್ ಸೇರಿಸಿ: ಒಂದು ಹೊಲಿಗೆಗೆ, ಒಂದು ಸಡಿಲಕ್ಕೆ. ಕತ್ತಿನ ಭಾಗವನ್ನು ಬಾಯಿಯ ಅಗಲಕ್ಕೆ ಎರಡು ಸೇರಿಸಿ ನೇರವಾಗಿ ಮೇಲಕ್ಕೆ ಎಳೆಯಿರಿ. ಎರಡು ಲೀಟರಿನ ಚೀಲಕ್ಕೆ ಸಾಮಾನ್ಯವಾಗಿ 24 ಸೆಂಟಿಮೀಟರ್ ಅಗಲ, 36ರಿಂದ 38 ಉದ್ದದ ನಮೂನೆ ಬರುತ್ತದೆ. ಆದರೂ ನಿಮ್ಮ ಚೀಲದ್ದೇ ಅಳತೆ ನಂಬಿ.

ಮುಂಭಾಗ ಒಂದೇ ತುಂಡು. ಹಿಂಭಾಗಕ್ಕೆ ಅದೇ ನಮೂನೆಯನ್ನು ನಡುವೆ ಅಡ್ಡಕ್ಕೆ ಕತ್ತರಿಸಿ, ಎರಡೂ ತುಂಡಿಗೆ ನಾಲ್ಕು ನಾಲ್ಕು ಸೆಂಟಿಮೀಟರ್ ಹೆಚ್ಚು ಬಿಡಿ. ಒಂದರ ಮೇಲೊಂದು ಎಂಟು ಸೆಂಟಿಮೀಟರ್ ಕೂತಾಗ ಗುಂಡಿಯ ಹಂಗಿಲ್ಲದೆ ಬಾಯಿ ಮುಚ್ಚುತ್ತದೆ. ಸ್ವೆಟರಿನ ಸೊಂಟಪಟ್ಟಿ ಚೆನ್ನಾಗಿ ಕುಗ್ಗಿದ್ದರೆ ಅದನ್ನೇ ಈ ಅಂಚಿಗೆ ಬರುವಂತೆ ಕತ್ತರಿಸಿ, ಅಂದವಾಗಿ ಕಾಣುತ್ತದೆ. ಮೂರು ತುಂಡನ್ನೂ ಸರಿಮುಖ ಒಳಗೆ ಮಾಡಿ, ಮೇಲಿನ ಹಿಂತುಂಡು ಮುಂಭಾಗಕ್ಕೆ ಹತ್ತಿರ, ಕೆಳಗಿನದು ಅದರ ಮೇಲೆ ಬರುವಂತೆ ಇಟ್ಟು ಪಿನ್ನು ಹಾಕಿ. ಕತ್ತಿನ ತುದಿ ಬಿಟ್ಟು ಸುತ್ತಲೂ ಒಂದು ಸೆಂಟಿಮೀಟರ್ ಒಳಗೆ ಹೊಲಿಯಿರಿ. ಮಷೀನಿಗೆ 16 ಅಥವಾ 18ನೇ ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ, ಹೊಲಿಗೆಯ ಉದ್ದ ಮೂರೂವರೆ ಮಿಲಿಮೀಟರ್. ಸಣ್ಣ ಹೊಲಿಗೆ ಇಟ್ಟರೆ ಫೆಲ್ಟ್ ಹಿಗ್ಗಿ ಅಂಚು ನಿರಿಗೆಗಟ್ಟುತ್ತದೆ. ಒಂದರ ಮೇಲೊಂದು ಕೂತ ಕಡೆ ಮೂರು ಪದರ ಸೇರುವುದರಿಂದ ಮೋಟಾರನ್ನು ಬಿಟ್ಟು ಕೈಯಿಂದಲೇ ಚಕ್ರ ತಿರುಗಿಸಿ ದಾಟಿಸಿ. ಕತ್ತು ಹೆಗಲು ಸೇರುವ ಒಳಮೂಲೆಗೆ ಹೊಲಿಗೆಯ ಹತ್ತಿರದವರೆಗೆ ಕತ್ತರಿ ಕೊಟ್ಟು ಹೊರಳಿಸಿ.

ಮಷೀನು ಬೇಡವೆಂದರೆ ಸರಿಮುಖ ಹೊರಗಿಟ್ಟು ಆರೆಳೆ ಕಸೂತಿ ದಾರದಲ್ಲಿ, ಅಂಚಿನುದ್ದಕ್ಕೂ ಕುಣಿಕೆ ಕೂರುವ ಬ್ಲಾಂಕೆಟ್ ಸ್ಟಿಚ್ ಹಾಕಿ. ಆಳವೂ ಅಂತರವೂ ಆರೇಳು ಮಿಲಿಮೀಟರ್ ಇರಲಿ. ಕೈಹೊಲಿಗೆಯದೇ ನಮಗೆ ಹೆಚ್ಚು ಇಷ್ಟ.

ಹಳೆಯ ರಬ್ಬರ್ ಚೀಲವನ್ನು ಹೊಸ ಹೊದಿಕೆಯೊಳಗೆ ಹಾಕಿ ಯಾರಿಗೂ ಕೊಡಬೇಡಿ. ಎರಡು ಮೂರು ವರ್ಷ ಕಳೆದ ರಬ್ಬರು ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಕುದಿಯುವ ನೀರನ್ನು ಹಾಕದೆ ಸ್ವಲ್ಪ ಆರಿಸಿ ಮುಕ್ಕಾಲಿಗಿಂತ ಕಡಿಮೆ ತುಂಬಿ, ಗಾಳಿ ಹೊರಹಾಕಿ ಮುಚ್ಚಬೇಕು ಎಂದು ಬರೆದು ಜೊತೆಗಿಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡ ಹಿರಿಯರಿಗೆ ಈ ಉಡುಗೊರೆಯೇ ಬೇಡ. ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ.

ತೋಟದಲ್ಲಿ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬರುವಂಥದು ಏನು ಮಾಡಬಹುದು? ಸಾಮಾನು ಕಡಿಮೆ, ಮಂದಿ ಹೆಚ್ಚು. ಒಂದು ಹಳೆ ಕಂಬಳಿಯೂ ಇದೆ.
– ಓದುಗರು, ಗೋಣಿಕೊಪ್ಪ

ಗಂಬೂಟಿನ ಒಳಗೆ ಹಾಕುವ ಮೆತ್ತೆ. ಬೂಟಿನೊಳಗಿನ ಹಳೆ ಮೆತ್ತೆ ಹೊರತೆಗೆದು ಕಾಗದದ ಮೇಲೆ ಗೆರೆ ಎಳೆಯಿರಿ, ಮೆತ್ತೆ ಇಲ್ಲದಿದ್ದರೆ ಪಾದದ ಗೆರೆ ಎಳೆದು ಸುತ್ತ ಮೂರು ಮಿಲಿಮೀಟರ್ ಒಳಗೆ ಕತ್ತರಿಸಿ. ಬಲಕ್ಕೊಂದು ಎಡಕ್ಕೊಂದು ಎಂಬುದು ಮರೆಯದಿರಲಿ, ಫೆಲ್ಟಿಗೆ ಎರಡು ಮುಖವೂ ಒಂದೇ ಥರ ಕಾಣುವುದರಿಂದ ಎರಡೂ ಎಡಗಾಲಿನದೇ ಆಗಿಬಿಡುತ್ತದೆ. ಮೇಲಿನ ಪದರಕ್ಕೆ ಸ್ವೆಟರಿನ ಫೆಲ್ಟ್, ಕೆಳಗಿನದಕ್ಕೆ ನಿಮ್ಮ ಕಂಬಳಿ. ಅಂಚು ಸುತ್ತಿ ಹೊಲಿದು, ನಡುವೆ ಉದ್ದಕ್ಕೆ ಎರಡು ಸಾಲು ಹೊಲಿಗೆ ಓಡಿಸಿ. ಎರಡು ಪದರ ಸೇರಿ ಏಳೆಂಟು ಮಿಲಿಮೀಟರ್ ಮೀರಿದರೆ ಬೂಟು ಬಿಗಿಯಾಗುತ್ತದೆ. ಒಬ್ಬರಿಗೆ ಎರಡು ಜೊತೆ ಕೊಡಿ, ಒಂದು ಒಲೆಯ ಹತ್ತಿರ ಒಣಗುತ್ತಿರುವಾಗ ಇನ್ನೊಂದು ಬೂಟಿನಲ್ಲಿರಲಿ.

ಕಂಬಳಿಯ ಬಗ್ಗೆ ಎರಡು ಮಾತು. ಕೈಮಗ್ಗದ ಕಂಬಳಿಯ ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು ನೇಯುತ್ತಾರೆ. ಗಂಜಿ ಉಳಿದಿದ್ದರೆ ತೇವಕ್ಕೆ ಬೂಸ್ಟು ಹಿಡಿಯುತ್ತದೆ, ಬಿಸಿನೀರಲ್ಲಿ ಎರಡು ಸಲ ಒಗೆದೇ ಬಳಸಿ. ಒರಟು ಉಣ್ಣೆಯಾದ್ದರಿಂದ ಮೈಗೆ ತಾಗುವ ವಸ್ತುವಿಗೆ ಬೇಡ.

ಬೆಳಿಗ್ಗೆ ಮಂಜಿನಲ್ಲಿ ಬೈಕ್ ಓಡಿಸುವವರಿಗೆ ಮಣಿಕಟ್ಟಿನ ಗವಸು. ತೋಳನ್ನು ಪಟ್ಟಿ ಸಮೇತ ಹದವಾಗಿ, ಅಂದರೆ ಹತ್ತು ಎಂಟಾಗುವಷ್ಟು ಮಾತ್ರ ಕುಗ್ಗಿಸಿ. ಪಟ್ಟಿಯ ತುದಿಯಿಂದ 18 ಸೆಂಟಿಮೀಟರ್ ಅಳೆದು ಕತ್ತರಿಸಿ. ಪಟ್ಟಿ ಮಣಿಕಟ್ಟಿನ ಮೇಲೆ ಬರುತ್ತದೆ, ಕತ್ತರಿಸಿದ ಅಂಚು ಬೆರಳ ಕಡೆಗೆ. ಆ ಅಂಚಿನಿಂದ ನಾಲ್ಕು ಸೆಂಟಿಮೀಟರ್ ಬಿಟ್ಟು, ತೋಳಿನ ಹೊಲಿಗೆಯನ್ನೇ ಮೂರು ಸೆಂಟಿಮೀಟರ್ ಬಿಚ್ಚಿದರೆ ಹೆಬ್ಬೆರಳಿಗೆ ಕಿಂಡಿಯಾಯಿತು. ಕಿಂಡಿಯ ಎರಡು ತುದಿಗೂ ನಾಲ್ಕು ಸುತ್ತು ದಾರ ಹಾಕಿ ಬಿಗಿಮಾಡಿ, ಇಲ್ಲದಿದ್ದರೆ ಹರಿಯುತ್ತ ಹೋಗುತ್ತದೆ.

ರಸ್ತೆ ಬದಿಯಲ್ಲಿ ಕೊಂಡ ಸ್ವೆಟರುಗಳು ಬಹಳ ಇವೆ. ಬಿಸಿ ಪಾತ್ರೆ ಹಿಡಿಯುವ ಮೆತ್ತೆ ಹೊಲಿಯಬಹುದೇ?
– ಓದುಗರು, ಕುಶಾಲನಗರ

ಅಕ್ರಿಲಿಕ್ ಆದರೆ ಖಂಡಿತ ಬೇಡ. ಕಾದ ಬಾಣಲೆಗೆ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕಡಿಮೆ ಬೆಲೆಯ ಸ್ವೆಟರುಗಳಲ್ಲಿ ಹೆಚ್ಚಿನವು ಅಕ್ರಿಲಿಕ್ಕೇ. ಅವನ್ನು ಆಟಿಕೆ ಬೊಂಬೆಯ ಒಳತುಂಬಿಗೆ, ನಾಯಿಯ ಹಾಸಿಗೆಗೆ ಬಳಸಿ. ಅಸಲಿ ಉಣ್ಣೆಯ ಫೆಲ್ಟಾದರೆ 20 ಸೆಂಟಿಮೀಟರ್ ಚೌಕದ ಎರಡು ಪದರ ಸಾಕು. ಹೊಲಿಯಲು ಹತ್ತಿ ದಾರವೇ ಇರಲಿ, ಪಾಲಿಯೆಸ್ಟರ್ ದಾರವೂ ಕರಗುತ್ತದೆ. ಮೆತ್ತೆ ಒದ್ದೆಯಾಗಿದ್ದಾಗ ಮಾತ್ರ ಪಾತ್ರೆ ಮುಟ್ಟಬೇಡಿ. ನೀರು ಶಾಖವನ್ನು ತಟ್ಟನೆ ಕೈಗೆ ದಾಟಿಸುತ್ತದೆ.

ಟ್ರಂಕಿನಲ್ಲಿಟ್ಟ ಉಣ್ಣೆ ಬಟ್ಟೆಗಳಲ್ಲಿ ಸಣ್ಣ ತೂತುಗಳಿವೆ, ನುಸಿಗುಳಿಗೆಯ ವಾಸನೆಯೂ ಇದೆ. ಮೊಮ್ಮಗುವಿಗೆ ಏನಾದರೂ ಮಾಡಬಹುದೇ?
– ಓದುಗರು, ಪೊನ್ನಂಪೇಟೆ

ತೂತು ಮಾಡುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳು. ಬೆವರು, ಎಣ್ಣೆ ಜಿಡ್ಡು ಇರುವ ಕಡೆಯೇ ಅದಕ್ಕೆ ರುಚಿ. ಕಂಕುಳು, ಕುತ್ತಿಗೆಯಲ್ಲಿ ತೂತು ಹೆಚ್ಚಿರುವುದು ಅದಕ್ಕೇ. ಫೆಲ್ಟ್ ಮಾಡುವ ಬಟ್ಟೆಯಾದರೆ 60 ಡಿಗ್ರಿಯ ಬಿಸಿನೀರಿನಲ್ಲೇ ಹುಳುವೂ ಮೊಟ್ಟೆಯೂ ಸಾಯುತ್ತವೆ, ಚಿಕ್ಕ ತೂತುಗಳು ಮುಚ್ಚಿಕೊಳ್ಳುವುದೂ ಉಂಟು. ಕುಗ್ಗಿಸಬಾರದ ಬಟ್ಟೆಯಾದರೆ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ ಡೀಪ್ ಫ್ರೀಜರಿನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಒಂದು ವಾರ ಇಡಿ. ಸಾಮಾನ್ಯ ಫ್ರಿಜ್ಜಿನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಿರುವುದಿಲ್ಲ. ಹಂದಿಮಾಂಸ ಇಡುವ ಫ್ರೀಜರ್ ಇದ್ದರೆ ಒಂದು ಮೂಲೆ ಬಿಡಿಸಿಕೊಳ್ಳಿ. ಹೊರತೆಗೆದ ಮೇಲೆ ಕವರು ಬಿಚ್ಚದೆ ಒಂದು ದಿನ ಇಡಬೇಕು, ಬಿಚ್ಚಿದರೆ ಗಾಳಿಯ ತೇವ ಬಟ್ಟೆಯ ಮೇಲೆ ಇಬ್ಬನಿಯಂತೆ ಇಳಿಯುತ್ತದೆ.

ಲಾವಂಚ, ಕಾಳುಮೆಣಸು, ಲವಂಗದ ಪುಡಿಕೆ ಇಟ್ಟರೆ ಹುಳು ಬರದು ಎಂಬುದನ್ನು ಪೂರ್ತಿ ನೆಚ್ಚಬೇಡಿ. ಪರಿಮಳಕ್ಕೆ ಸರಿ, ಮೊಟ್ಟೆಗೆ ಅದರಿಂದ ಏನೂ ಆಗದು. ಒಗೆದು, ಒಣಗಿಸಿ, ತಿಂಗಳಿಗೊಮ್ಮೆ ಬಿಸಿಲಲ್ಲಿ ಕೊಡವುವುದೇ ಕಾವಲು.

ನುಸಿಗುಳಿಗೆಯ ವಾಸನೆ ಇರುವಷ್ಟು ದಿನ ಆ ಬಟ್ಟೆ ಮಗುವಿನ ಹತ್ತಿರ ಬರಬಾರದು. ನ್ಯಾಫ್ತಲೀನ್ ಗುಳಿಗೆಯ ಆವಿ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ, ರಕ್ತಹೀನತೆ ತರುತ್ತದೆ. ಕೊರತೆ ಇದೆಯೆಂದು ಹೊರಗಿನಿಂದ ಕಾಣುವುದಿಲ್ಲ. ಆ ಟ್ರಂಕಿನ ಬಟ್ಟೆಯಲ್ಲಿ ದೊಡ್ಡವರಿಗೆ ಏನಾದರೂ ಮಾಡಿ, ಮಗುವಿಗೆ ಬೇರೆ ಉಣ್ಣೆ ಹುಡುಕಿ. ಅದನ್ನು ಮೊದಲು ನಿಮ್ಮ ಕುತ್ತಿಗೆಗೆ ಒತ್ತಿ ನೋಡಿ. ಚುಚ್ಚಿದರೆ ಮಗುವಿಗೂ ಚುಚ್ಚುತ್ತದೆ.

ಬಿಳಿ ಸ್ವೆಟರ್ ಹಳದಿಗೆ ತಿರುಗಿದೆ. ಮನೆಯಲ್ಲೇ ಬಣ್ಣ ಕಟ್ಟಬಹುದೇ? ವಿನಿಗರ್ ಬದಲು ಕಾಚಂಪುಳಿ ಹಾಕಬಹುದೇ?
– ಓದುಗರು, ಭಾಗಮಂಡಲ

ಕಾಚಂಪುಳಿಯನ್ನು ಪಂದಿಕರಿಗೇ ಬಿಡಿ. ಹುಳಿ ಏನೋ ಇದೆ, ಆದರೆ ಕಪ್ಪು ಬಣ್ಣವೂ ಅಂಟೂ ಜೊತೆಗೆ ಬರುತ್ತವೆ, ಬೆಲೆಯಂತೂ ನಿಮಗೇ ಗೊತ್ತು.

ಈರುಳ್ಳಿ ಸಿಪ್ಪೆಗೆ ವಿನಿಗರೂ ಬೇಡ, ಪಟಿಕ ಸಾಕು. ಒಣಗಿದ ಫೆಲ್ಟ್ ನೂರು ಗ್ರಾಂ ಇದ್ದರೆ ಪಟಿಕ 15 ಗ್ರಾಂ, ಒಣ ಈರುಳ್ಳಿ ಸಿಪ್ಪೆ ನೂರು ಗ್ರಾಂ. ನೂರು ಗ್ರಾಂ ಸಿಪ್ಪೆ ಎಂದರೆ ದೊಡ್ಡ ಚೀಲದಷ್ಟು, ಮದುವೆಯ ಅಡುಗೆಯವರನ್ನು ಕೇಳಿ. ಪಟಿಕವನ್ನು ಬಿಸಿನೀರಲ್ಲಿ ಕರಗಿಸಿ, ನೆನೆದ ಉಣ್ಣೆಯನ್ನು ಅದರಲ್ಲಿ ಮುಳುಗಿಸಿ, ಕುದಿಬರದಂತೆ ಒಂದು ಗಂಟೆ ಸಣ್ಣ ಉರಿಯಲ್ಲಿಡಿ. ಬೇರೆ ಪಾತ್ರೆಯಲ್ಲಿ ಸಿಪ್ಪೆಯನ್ನು ಒಂದು ಗಂಟೆ ಕುದಿಸಿ ಸೋಸಿ, ಉಗುರುಬೆಚ್ಚಗಾದ ಮೇಲೆ ಉಣ್ಣೆ ಹಾಕಿ, ನಿಧಾನಕ್ಕೆ ಕಾಯಿಸಿ ಮುಕ್ಕಾಲು ಗಂಟೆ ಇಡಿ. ಅದೇ ನೀರಲ್ಲಿ ಪೂರ್ತಿ ಆರಲು ಬಿಡಿ. ಹೊನ್ನಿನ ಬಣ್ಣದಿಂದ ಕಿತ್ತಳೆಗಂದುವರೆಗೆ ಬರುತ್ತದೆ. ಆ ಪಾತ್ರೆ ಮತ್ತೆ ಅಡುಗೆಗೆ ಬೇಡ. ಅರಿಸಿನದ ಬಣ್ಣ ಮೊದಲ ದಿನ ಕಣ್ಣು ಕೋರೈಸುತ್ತದೆ, ಬಿಸಿಲು ಕಂಡರೆ ಓಡಿಹೋಗುತ್ತದೆ. ಬಿಳಿ ಮಾಡಲೆಂದು ಕ್ಲೋರಿನ್ ಬ್ಲೀಚಿಗೆ ಮಾತ್ರ ಹಾಕಬೇಡಿ, ಮೊದಲ ಉತ್ತರದಲ್ಲಿ ಹೇಳಿದಂತೆ ಉಣ್ಣೆ ಅದರಲ್ಲಿ ಕರಗುತ್ತದೆ.

ಅಜ್ಜಿ ಕೈಯಲ್ಲಿ ಹೆಣೆದ ಸ್ವೆಟರನ್ನು ಬಿಚ್ಚಿ ನೂಲು ತೆಗೆದು ಮಗುವಿನ ಟೋಪಿ ಹೆಣೆಯಬೇಕು. ನೂಲು ತುಂಡು ತುಂಡಾಗಿ ಬರುತ್ತಿದೆ.
– ಓದುಗರು, ಸಿದ್ದಾಪುರ

ನೀವು ಕೆಳಗಿನಿಂದ ಬಿಚ್ಚುತ್ತಿರಬಹುದು. ಹೆಣಿಗೆ ಶುರುವಾದ ತುದಿಯಿಂದ ಬಿಚ್ಚಲು ಹೋದರೆ ಪ್ರತಿ ಕುಣಿಕೆಯಲ್ಲೂ ಸಿಕ್ಕಿಕೊಳ್ಳುತ್ತದೆ. ಮುಗಿಸಿದ ತುದಿಯಿಂದ, ಅಂದರೆ ಸಾಮಾನ್ಯವಾಗಿ ಹೆಗಲು, ಕುತ್ತಿಗೆಯ ಕಡೆಯಿಂದ ಎಳೆದರೆ ಸರಾಗ ಬರುತ್ತದೆ. ಮೊದಲು ಪಕ್ಕೆಯ ಹೊಲಿಗೆಯ ದಾರ ಮಾತ್ರ ಕತ್ತರಿಸಿ ಭಾಗಗಳನ್ನು ಬೇರೆ ಮಾಡಿ. ಅಂಗಡಿಯ ಸ್ವೆಟರಾಗಿದ್ದು ಒಳಅಂಚಿನಲ್ಲಿ ಓವರ್‌ಲಾಕ್ ಹೊಲಿಗೆ ಕಂಡರೆ ಬಿಚ್ಚುವ ಆಸೆ ಬಿಡಿ, ಅದನ್ನು ಥಾನಿನಂತೆ ಕತ್ತರಿಸಿ ಹೊಲಿದಿರುತ್ತಾರೆ, ಸಾಲಿಗೊಂದು ತುಂಡು ಬರುತ್ತದೆ.

ಎಳೆದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ ಲಡಿ ಮಾಡಿ. ಹತ್ತು ಅಂಟುವಾಳಕಾಯಿಯ ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ ಸೋಸಿ, ಉಗುರುಬೆಚ್ಚಗಿನ ಆ ನೀರಲ್ಲಿ ಲಡಿಯನ್ನು ಇಪ್ಪತ್ತು ನಿಮಿಷ ಮುಳುಗಿಸಿಡಿ. ಉಜ್ಜಬೇಡಿ. ಹಿಂಡದೆ ಟವೆಲಿನಲ್ಲಿ ಒತ್ತಿ ನೇತುಹಾಕಿದರೆ ಸುರುಳಿ ಬಿಟ್ಟು ನೂಲು ನೇರವಾಗುತ್ತದೆ. ಈ ಹಂತ ಬಿಟ್ಟು ಸುರುಳಿ ನೂಲಲ್ಲೇ ಹೆಣೆದರೆ ಅಳತೆ ಕೈಕೊಡುತ್ತದೆ, ಮೊದಲ ಒಗೆತಕ್ಕೆ ಟೋಪಿ ಜೋಲುತ್ತದೆ. ಒಂದಡಿ ನೂಲನ್ನು ಜಗ್ಗಿ ನೋಡಿ. ಫಟ್ಟೆಂದು ತುಂಡಾದರೆ ಎರಡೆಳೆ ಸೇರಿಸಿ ಹೆಣೆಯಬೇಕಾಗುತ್ತದೆ.

ನವಜಾತ ಶಿಶುವಿನ ತಲೆಸುತ್ತು ಸುಮಾರು 35 ಸೆಂಟಿಮೀಟರ್. ನಾಲ್ಕು ಮಿಲಿಮೀಟರಿನ ಕಡ್ಡಿಯಲ್ಲಿ ಹತ್ತು ಸೆಂಟಿಮೀಟರಿಗೆ 22 ಕುಣಿಕೆ ಬರುವ ನೂಲಾದರೆ 72 ಕುಣಿಕೆ ಹಾಕಿ ಸುತ್ತು ಹೆಣಿಗೆ ಶುರುಮಾಡಿ. ಎರಡು ಸೀದಾ ಎರಡು ಉಲ್ಟಾ ಮಾಡಿ ಮೂರು ಸೆಂಟಿಮೀಟರ್ ಪಟ್ಟಿ, ಆಮೇಲೆ ಒಟ್ಟು ಒಂಬತ್ತು ಸೆಂಟಿಮೀಟರ್ ಆಗುವವರೆಗೆ ಬರೀ ಸೀದಾ. ಈಗ ಏಳು ಸೀದಾ, ಎರಡು ಕೂಡಿಸಿ ಒಂದು, ಹೀಗೆ ಸುತ್ತಿಗೆ ಎಂಟು ಕಡೆ ಕಡಿಮೆ ಮಾಡಿ. ಮುಂದಿನ ಸುತ್ತು ಹಾಗೇ. ಅದರ ನಂತರ ಆರು ಸೀದಾ ಎರಡು ಕೂಡಿಸಿ. ಒಂದು ಬಿಟ್ಟು ಒಂದು ಸುತ್ತಿಗೆ ಇಳಿಸುತ್ತ ಎಂಟು ಕುಣಿಕೆ ಉಳಿದಾಗ ನೂಲು ಪೋಣಿಸಿ ಎಳೆದು ಕಟ್ಟಿ. ಐವತ್ತು ಗ್ರಾಂ ಒಳಗೆ ಮುಗಿಯುತ್ತದೆ. ಕಟ್ಟುವ ದಾರ, ಗುಂಡಿ, ಮಣಿ ಯಾವುದೂ ಬೇಡ. ಮಲಗಿಸುವಾಗ ಟೋಪಿ ತೆಗೆಯಬೇಕು.

ಸೂಜಿ ಚುಚ್ಚುವ ದಿಂಬಿಗೆ ಒಣಗಿಸಿದ ಕಾಫಿ ಚರಟ ತುಂಬಿದರೆ ಸೂಜಿಗೆ ತುಕ್ಕು ಹಿಡಿಯುವುದಿಲ್ಲವಂತೆ. ನಿಜವೇ?
– ಓದುಗರು, ಮೂರ್ನಾಡು

ಒಣ ಊರುಗಳಲ್ಲಿ ನಡೆದೀತು. ಕೊಡಗಿನಲ್ಲಿ ಜೂನ್ ಬಂತೆಂದರೆ ಚರಟ ತೇವ ಎಳೆದುಕೊಂಡು ಬೂಸ್ಟು ಹಿಡಿಯುತ್ತದೆ, ಸೂಜಿಗೆ ತುಕ್ಕೂ ಬರುತ್ತದೆ. ಫೆಲ್ಟ್ ಕತ್ತರಿಸಿದಾಗ ಉಳಿದ ಚೂರುಗಳನ್ನೇ ಕಡಲೆಕಾಳಿನಷ್ಟು ಸಣ್ಣಗೆ ಮಾಡಿ ಗಟ್ಟಿಯಾಗಿ ತುಂಬಿ. ಎಂಟು ಸೆಂಟಿಮೀಟರ್ ಅಗಲದ ಪುಟ್ಟ ದಿಂಬಿಗೂ ಎರಡು ಹಿಡಿ ಬೇಕಾಗುತ್ತದೆ. ಸಡಿಲ ತುಂಬಿದರೆ ಸೂಜಿ ಒಳಗೆ ಮುಳುಗಿ ಮಾಯ.

ಮಾಡಿದ ವಸ್ತುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡಬಹುದೇ?
– ಓದುಗರು, ಚೆಟ್ಟಳ್ಳಿ

ಬೇಡ. ಒಳಗುಳಿದ ತೇವಕ್ಕೆ ಹೊರಹೋಗಲು ದಾರಿ ಇರುವುದಿಲ್ಲ. ಹಳೆ ಹತ್ತಿ ಸೀರೆಯ ತುಂಡಿನಲ್ಲಿ ಕಟ್ಟಿ ಕೊಡಿ. ಜೊತೆಗೆ ಒಂದು ಚೀಟಿ: ‘ಅಸಲಿ ಉಣ್ಣೆ. ತಣ್ಣೀರಿನಲ್ಲಿ ಕೈಯಿಂದ ಒಗೆಯಿರಿ. ಹಿಂಡಬೇಡಿ. ನೆರಳಲ್ಲಿ ಹರಡಿ ಒಣಗಿಸಿ. ಮಳೆಗಾಲದಲ್ಲಿ ಒಗೆಯಲೇಬೇಡಿ.’